ಹೊಲವಿಲ್ಲದವರ ವಂಶಾವಳಿ

ವಂಶಾವಳಿ ಹುಡುಕಲು ಹೊರಟವರಿಗೆ ನಮ್ಮ ಕಡೆ ಸಿಗುವ ಮೊದಲ ಸಲಹೆ, ‘ಹಳೇ ಉತಾರ ತೆಗೆಸಿರಿ’ ಎಂಬುದು. ಹೊಲವಿದ್ದವರಿಗೆ ಅದು ಸರಿಯಾದ ದಾರಿಯೇ. ವಾರಸಾ ದಾಖಲೆಗಳನ್ನು ಒಂದರ ಹಿಂದೊಂದು ಓದುತ್ತ ಹೋದರೆ ಮುತ್ತಜ್ಜನ ಹೆಸರಿಗೆ ಮುಟ್ಟಬಹುದು. ಆದರೆ ರಾಮದುರ್ಗದಲ್ಲಿ ತಲೆತಲಾಂತರದಿಂದ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಸೀರೆ ನೇಯ್ದ ಮನೆತನಕ್ಕೆ ಸರ್ವೆ ನಂಬರು ಎಲ್ಲಿಂದ ಬರಬೇಕು? ಅಂಥವರು ದುಡಿಮೆಯ ಜಾಡು ಹಿಡಿದೇ ಹಿಂದಕ್ಕೆ ಹೋಗಬೇಕು.

ಮೊದಲು ಕೇಳಿಕೊಳ್ಳಬೇಕಾದದ್ದು, ನಮ್ಮಜ್ಜ ಯಾರ ಆಳ್ವಿಕೆಯಲ್ಲಿದ್ದ ಎಂಬುದು. ರಾಮದುರ್ಗ 1948ರ ಮಾರ್ಚ್ 8ರವರೆಗೆ ಭಾವೆ ಮನೆತನದ ಸಂಸ್ಥಾನ. ಪಕ್ಕದ ತೊರಗಲ್ಲು ಶಿಂಧೆ ಮನೆತನದ ಜಹಗೀರು, ಅದು ಕೊಲ್ಲಾಪುರದ ಅಧೀನ. ಸವದತ್ತಿ, ಬೈಲಹೊಂಗಲ ಬ್ರಿಟಿಷರ ಬೆಳಗಾವಿ ಜಿಲ್ಲೆಗೆ ಸೇರಿದ್ದವು. ಆಗಿನ ಕಾಗದಗಳಲ್ಲಿ ಸವದತ್ತಿಯನ್ನು ಪರಸಗಡ ತಾಲೂಕಿನಲ್ಲೂ ಬೈಲಹೊಂಗಲವನ್ನು ಸಂಪಗಾಂವ ತಾಲೂಕಿನಲ್ಲೂ ಹುಡುಕಬೇಕು. ಹೀಗಾಗಿ ಅಜ್ಜನ ಮನೆಯ ಕಾಗದ ಒಂದು ದಫ್ತರದಲ್ಲಿದ್ದರೆ, ಅಜ್ಜಿಯ ತವರಿನದು ಇನ್ನೊಂದರಲ್ಲಿ. ನಡುವಿನ ಹಾದಿ ಹತ್ತು ಹನ್ನೆರಡು ಮೈಲಿಯಾದರೂ ಸರಕಾರವೇ ಬೇರೆ. ಸಂಸ್ಥಾನದ ಕಾಲದ ಕಾಗದಗಳಲ್ಲಿ ಬಹಳಷ್ಟು ಮರಾಠಿಯವು, ಮೋಡಿ ಲಿಪಿಯವು. ಮೋಡಿ ಓದಬಲ್ಲ ಹಿರಿಯರು ನಿಮ್ಮೂರಲ್ಲಿದ್ದರೆ ಅವರ ಹತ್ತಿರ ಇಂದೇ ಹೋಗಿರಿ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಕನ್ನಡ ಸಾಲಿಯ ಜನರಲ್ ರಜಿಸ್ಟರು. ಅಗಲವಾದ ಪುಟದ ತುಂಬ ಅಡ್ಡ ಉದ್ದ ಗೆರೆ: ನಂಬರು, ಹುಡುಗನ ಹೆಸರು, ತಂದೆಯ ಹೆಸರು, ಜಾತಿ, ಹುಟ್ಟಿದ ಊರು, ಹುಟ್ಟಿದ ತಾರೀಖು, ಸಾಲಿ ಬಿಟ್ಟ ದಿನ, ಬಿಟ್ಟ ಕಾರಣ. ಹುಟ್ಟಿದ ತಾರೀಖನ್ನು ಪೂರ್ತಿ ನಂಬಬೇಡಿ. ಜೂನ್ 1 ಎಂದು ಸಾಲುಸಾಲಾಗಿ ಕಂಡರೆ, ಅವು ಮಾಸ್ತರರು ಕೂಸಿನ ಗಾತ್ರ ನೋಡಿ ಬರೆದ ತಾರೀಖುಗಳು. ಹುಟ್ಟಿದ ಊರಿನ ಕಾಲಮ್ಮು ಮಾತ್ರ ಬಂಗಾರ. ರಾಮದುರ್ಗದವರೇ ಎಂದುಕೊಂಡ ಮನೆತನ ಇನ್ನೊಂದು ನೇಕಾರರ ಊರಿನಿಂದ ಬಂದದ್ದು ಆ ಒಂದು ಪದದಲ್ಲಿ ಹೊರಬೀಳುತ್ತದೆ. ಕೊನೆಯ ಕಾಲಮ್ಮನ್ನು ಓದುವಾಗ ಎದೆ ಭಾರವಾಗುತ್ತದೆ. ಎರಡನೆತ್ತೆ, ಮೂರನೆತ್ತೆಗೆ ಸಾಲಿ ಬಿಟ್ಟ ಹುಡುಗ ಮನೆಯಲ್ಲಿ ಕಂಡಿಕೆ ಸುತ್ತಲು ಕೂತಿರುತ್ತಾನೆ.

ಹುಟ್ಟು-ಸಾವಿನ ಪುಸ್ತಕವನ್ನೂ ಬಿಡಬಾರದು. 1969ರ ಕಾಯ್ದೆ ಬರುವ ಮೊದಲೂ ಊರ ಅಧಿಕಾರಿಗಳು ಇದನ್ನು ಬರೆಯುತ್ತಿದ್ದರು. ಕೂಸಿಗಿನ್ನೂ ಹೆಸರಿಟ್ಟಿರುವುದಿಲ್ಲವಾದ್ದರಿಂದ ‘ಗಂಡು’ ಅಥವಾ ‘ಹೆಣ್ಣು’ ಎಂದಷ್ಟೇ ಇರುತ್ತದೆ. ಆದ್ದರಿಂದ ತಂದೆಯ ಹೆಸರು ಹಿಡಿದೇ ಹುಡುಕಬೇಕು. ಹೆಸರಿನ ನಡುವಿನ ‘ಬಿನ್’ ಅಪ್ಪನನ್ನೂ ‘ಕೋಂ’ ಗಂಡನನ್ನೂ ತೋರಿಸುತ್ತದೆ. ಅಡ್ಡಹೆಸರನ್ನು ನೆಚ್ಚಿದರೆ ದಾರಿ ತಪ್ಪುತ್ತದೆ. ಒಂದೇ ಮನೆತನದ ಅಣ್ಣ ತಮ್ಮಂದಿರು ಒಬ್ಬ ಊರಿನ ಹೆಸರು, ಇನ್ನೊಬ್ಬ ಕಸುಬಿನ ಹೆಸರು ಹಚ್ಚಿಕೊಂಡದ್ದು ನಮ್ಮಲ್ಲಿ ಸಾಮಾನ್ಯ.

ಪರರ ಹೊಲ ಉಳುತ್ತಿದ್ದವರಿಗೆ ಇನ್ನೊಂದು ದೊಡ್ಡ ಆಸರೆ ಇದೆ. 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಗೇಣಿದಾರರು ಸಲ್ಲಿಸಿದ ನಮೂನೆ 7 ಅರ್ಜಿಗಳು, ಭೂನ್ಯಾಯ ಮಂಡಳಿಯ ಕಡತಗಳು. ಅಪ್ಪ ಯಾವಾಗಿನಿಂದ ಉಳುತ್ತಿದ್ದ, ಮನೆಯಲ್ಲಿ ಯಾರ‍್ಯಾರು ಇದ್ದರು ಎಂದು ಸ್ವತಃ ರೈತನೇ ಹೇಳಿದ ಮಾತು ಅಲ್ಲಿ ಬರಹಕ್ಕಿಳಿದಿರುತ್ತದೆ. ತಳವಾರ, ವಾಲೀಕಾರರಂಥ ಊರ ಸೇವಕರ ಮನೆತನಗಳು ವತನದ ಕಾಗದ ನೋಡಬೇಕು. ವತನ ಯಾರಿಗೆ ಹೋಗಬೇಕೆಂಬ ಜಗಳ ಬಂದಾಗಲೆಲ್ಲ ಕಚೇರಿ ವಂಶಾವಳಿ ಬರೆಸಿಕೊಳ್ಳುತ್ತಿತ್ತು. 1939ರ ಏಪ್ರಿಲ್‌ನ ರಾಮದುರ್ಗ ದುರಂತದಂಥ, ಸಂಸ್ಥಾನದ ವಿರುದ್ಧ ಜನ ದಂಗೆಯೆದ್ದ ಪ್ರಕರಣಗಳಲ್ಲಿ ಪೊಲೀಸ್ ಮತ್ತು ಕೋರ್ಟಿನ ಕಾಗದಗಳೂ ಬಡವರ ಹೆಸರು ಹಿಡಿದಿಡುತ್ತವೆ, ಏಕೆಂದರೆ ಆರೋಪಿಯ ತಂದೆ, ವಯಸ್ಸು, ಕಸುಬು, ಊರು ಬರೆಯದೆ ಕಟ್ಲೆ ನಡೆಯುವುದಿಲ್ಲ.

ಜನಗಣತಿ ಮಾತ್ರ ನಮಗೆ ಮುಚ್ಚಿದ ಬಾಗಿಲು. ಇಂಗ್ಲೆಂಡಿನಲ್ಲಿ 1921ರ ಗಣತಿಯ ಮನೆಮನೆಯ ಹಾಳೆಗಳು ನೂರು ವರ್ಷ ಕಳೆದು 2022ರಲ್ಲಿ ತೆರೆದವು. ಅಲ್ಲಿನ ಗಿರಣಿ ಕೂಲಿಕಾರನ ಮೊಮ್ಮಗ ಅಜ್ಜನ ಮನೆಯ ಪಟ್ಟಿಯನ್ನೇ ಓದಬಲ್ಲ. ನಮ್ಮ 1948ರ ಜನಗಣತಿ ಕಾಯ್ದೆ ವ್ಯಕ್ತಿಗಳ ವಿವರ ನೋಡಲು ಯಾರಿಗೂ ಅವಕಾಶ ಕೊಡುವುದಿಲ್ಲ. ನೂರು ವರ್ಷದ ನಂತರವಾದರೂ ತೆರೆಯಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ಆದರೆ ಇಂಗ್ಲೆಂಡಿನವರಿಗಿಲ್ಲದ ಒಂದು ಸಂಪತ್ತು ನಮಗಿದೆ, ಅದು ಹೆಳವರು. ಎತ್ತಿನ ಮೇಲೆ ಬಂದು, ಅಂಗಳದಲ್ಲಿ ನಿಂತು, ಮೂಲಪುರುಷನಿಂದ ಹಿಡಿದು ಮೊನ್ನೆ ಹುಟ್ಟಿದ ಕೂಸಿನವರೆಗೆ ಹೆಸರು ಹೇಳಿ, ಕಾಳು ಬಟ್ಟೆ ಪಡೆದು ಹೋಗುವ ಇವರಲ್ಲಿ ಮನೆತನಗಳ ಹೊತ್ತಿಗೆಗಳಿವೆ. ಯಾವ ಊರಿಂದ ಬಂದಿರಿ, ಯಾವಾಗ ಒಡೆದು ಬೇರೆಯಾದಿರಿ ಎಂಬುದನ್ನು ಇವರು ಹೇಳಬಲ್ಲರು. ಹೆಳವರ ಮಾತನ್ನು ಸಾಲಿಯ ರಜಿಸ್ಟರಿನೊಂದಿಗೆ ಕೂಡಿಸಿ ನೋಡಬೇಕು. ಎರಡೂ ಒಂದೇ ಊರಿನ ಹೆಸರು ಹೇಳಿದರೆ ಆ ಸಂಗತಿಯನ್ನು ಧೈರ್ಯವಾಗಿ ನಂಬಬಹುದು.

ಹೆಳವರ ಮಕ್ಕಳು ಈಗ ಬೇರೆ ಉದ್ಯೋಗ ಹಿಡಿಯುತ್ತಿದ್ದಾರೆ, ಹಿಡಿಯಬೇಕಾದದ್ದೇ. ಆದ್ದರಿಂದ ಮುಂದಿನ ಸುಗ್ಗಿಗೆ ಹೆಳವರು ಬಂದರೆ ಕಾಳು ಕೊಟ್ಟು ಬೇಗ ಕಳಿಸಬೇಡಿ. ಕೂಡಿಸಿ, ಚಹಾ ಕೊಟ್ಟು, ಅವರು ಹೇಳಿದ್ದನ್ನೆಲ್ಲ ಬರೆದುಕೊಳ್ಳಿರಿ. ಅವರು ಒಪ್ಪಿದರೆ ಹೊತ್ತಿಗೆಯ ಪುಟಗಳ ಫೋಟೋ ತೆಗೆದುಕೊಳ್ಳಿರಿ, ಅದಕ್ಕೆ ತಕ್ಕ ಹಣವನ್ನೂ ಕೊಡಿರಿ.