ಮೂರನೆಯವನ ಪಾಲು

ಟ್ರಯಂವಿರೇಟ್. ಮೂವರು ಕೂಡಿ ಅಧಿಕಾರ ಹಂಚಿಕೊಂಡು ನಡೆಸುವ ಆಡಳಿತಕ್ಕೆ ಇಂಗ್ಲಿಷಿನಲ್ಲಿರುವ ಹೆಸರು. ಎಂ.ಕಾಂ. ಮುಗಿಸಿ, ಬ್ಯಾಂಕು ಸೇರಿ, ವರ್ಗವಾಗಿ ಮುಂಬಯಿಗೆ ಬಂದು ಎಷ್ಟೋ ವರ್ಷಗಳಾಗುವ ತನಕ ಈ ಪದ ನನಗೆ ಎದುರಾಗಿರಲಿಲ್ಲ. ಪಾರ್ಟ್‌ನರ್‌ಶಿಪ್, ಜಾಯಿಂಟ್ ಅಕೌಂಟ್, ಕನ್ಸಾರ್ಟಿಯಂ ಅಂತ ಪಾಲುಗಾರಿಕೆಗೆ ನಮ್ಮ ಕಸುಬಿನಲ್ಲಿ ಬೇಕಾದಷ್ಟು ಹೆಸರುಗಳಿದ್ದವು, ಇದೊಂದು ಇರಲಿಲ್ಲ. ಕಲಿಸಿದ್ದು ಮಗಳ ಶಾಲೆಯ ಪಠ್ಯವಾಗಿದ್ದ ಶೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕ, ಅದರ ಹಿಂದಿದ್ದ ಟಿಪ್ಪಣಿ. ಪದದ ಬೆನ್ನು ಹತ್ತಿ ನಾಟಕ ಓದಿದೆ. ಅದು ಸಾಲದೆ ‘ಆಂಟನಿ ಅಂಡ್ ಕ್ಲಿಯೋಪಾತ್ರ’ವನ್ನೂ ಓದಿದೆ. ಎರಡರಲ್ಲೂ ಬರುವ ಲೆಪಿಡಸ್ ಎಂಬ ಮೂರನೆಯವನ ವಿಷಯದಲ್ಲಿ ನನ್ನದೊಂದು ತಕರಾರಿದೆ. ತಕರಾರು ಶೇಕ್ಸ್‌ಪಿಯರನ ಮೇಲಲ್ಲ, ಅವನನ್ನು ಮಕ್ಕಳಿಗೆ ವಿವರಿಸುವ ಗೈಡುಗಳ ಮೇಲೆ.

ಮೊದಲು ಪದವನ್ನೇ ನೋಡೋಣ. ಲ್ಯಾಟಿನ್ನಿನ ಮೂಲದಲ್ಲಿ ಅದಕ್ಕೆ ‘ಮೂರು ಗಂಡಸರದು’ ಎಂದಷ್ಟೇ ಅರ್ಥ. ಮೂವರು ಮುಖಂಡರು ಒಟ್ಟಾದರೆ ನಾವು ‘ತ್ರಿಮೂರ್ತಿಗಳು’ ಅನ್ನುವುದುಂಟು. ಕೇಳಲು ಚಂದ, ಆದರೆ ಇಲ್ಲಿ ಹೊಂದುವುದಿಲ್ಲ. ತ್ರಿಮೂರ್ತಿಗಳು ಹಂಚಿಕೊಂಡದ್ದು ಕೆಲಸವನ್ನು: ಸೃಷ್ಟಿ, ಸ್ಥಿತಿ, ಲಯ. ರೋಮಿನ ಮೂವರು ಹಂಚಿಕೊಂಡದ್ದು ನೆಲವನ್ನು, ಸೈನ್ಯವನ್ನು, ವರಮಾನವನ್ನು. ಸೀಸರ್, ಪಾಂಪಿ, ಕ್ರಾಸಸ್ ಕ್ರಿ.ಪೂ. 60ರ ಹೊತ್ತಿಗೆ ಮಾಡಿಕೊಂಡದ್ದು ಒಳಗಿಂದೊಳಗಿನ ಒಪ್ಪಂದ. ಸೀಸರನ ಕೊಲೆಯಾದ ಮೇಲೆ, ಕ್ರಿ.ಪೂ. 43ರಲ್ಲಿ, ಆಂಟನಿ, ಆಕ್ಟೇವಿಯಸ್, ಲೆಪಿಡಸ್ ಮಾಡಿಕೊಂಡದ್ದು ಮಾತ್ರ ಕಾನೂನುಬದ್ಧವಾದದ್ದು, ಐದು ವರ್ಷದ ವಾಯಿದೆಯದು. ಮುಂದೆ ಪೂರ್ವ ಆಂಟನಿಗೆ, ಪಶ್ಚಿಮ ಆಕ್ಟೇವಿಯಸ್‌ಗೆ, ಆಫ್ರಿಕ ಲೆಪಿಡಸ್‌ಗೆ ಅಂತ ಪಾಲಾಯಿತು. ಪಾಲು ಸಮನಾಗಿರಲಿಲ್ಲ ಅನ್ನುವುದನ್ನು ಬ್ಯಾಂಕಿನವನು ಹೇಳಬೇಕಾಗಿಲ್ಲ.

‘ಜೂಲಿಯಸ್ ಸೀಸರ್’ನ ನಾಲ್ಕನೆಯ ಅಂಕ ತೆರೆಯುವುದೇ ಈ ಮೂವರಿಂದ. ಮೇಜಿನ ಮೇಲೆ ಪಟ್ಟಿ. ಯಾರು ಯಾರು ಸಾಯಬೇಕೆಂದು ಹೆಸರುಗಳಿಗೆ ಗುರುತು ಹಾಕುತ್ತಿದ್ದಾರೆ. ನಿನ್ನ ಅಣ್ಣನೂ ಸಾಯಬೇಕು, ಒಪ್ಪುತ್ತೀಯಾ ಎಂದರೆ ಲೆಪಿಡಸ್ ಒಪ್ಪುತ್ತಾನೆ. ಬದಲಿಗೆ ಆಂಟನಿಯ ಸೋದರಳಿಯನ ತಲೆ ಕೇಳುತ್ತಾನೆ. ಅದೂ ಸಿಗುತ್ತದೆ. ಆಮೇಲೆ ಅವನನ್ನು ಸೀಸರನ ಉಯಿಲು ತರಲು ಕಳಿಸುತ್ತಾರೆ. ಅವನು ಆಚೆ ಹೋದದ್ದೇ ತಡ, ಇವನು ಓಡಾಟದ ಕೆಲಸಕ್ಕೆ ಲಾಯಕ್ಕು, ಹೊರೆ ಹೊರುವ ಕತ್ತೆ ಇದ್ದ ಹಾಗೆ ಎಂದು ಆಂಟನಿ ಆಡಿಕೊಳ್ಳುತ್ತಾನೆ. ಪಾಪ, ಒಳ್ಳೆ ಸೈನಿಕ ಎಂದು ಆಕ್ಟೇವಿಯಸ್ ಹೇಳಿದರೆ, ನನ್ನ ಕುದುರೆಯೂ ಒಳ್ಳೆಯದೇ ಎನ್ನುತ್ತಾನೆ.

ಗೈಡುಗಳು ಇಷ್ಟಕ್ಕೇ ನಿಲ್ಲುತ್ತವೆ. ಲೆಪಿಡಸ್: ದುರ್ಬಲ, ಲೆಕ್ಕಕ್ಕಿಲ್ಲದವನು, ಎರಡು ಅಂಕದ ಉತ್ತರ. ಆದರೆ ಇದು ಆಂಟನಿಯ ಮಾತು, ನಾಟಕದ ತೀರ್ಪಲ್ಲ. ತೀರ್ಪು ಬೇಕಾದರೆ ಎರಡನೆಯ ನಾಟಕಕ್ಕೆ ಹೋಗಬೇಕು.

ಅಲ್ಲಿ ಆಂಟನಿಗೂ ಆಕ್ಟೇವಿಯಸ್‌ಗೂ ಮುಖ ಕೊಟ್ಟು ಮಾತಿಲ್ಲ. ಇಬ್ಬರನ್ನೂ ಎದುರು ಬದುರು ಕೂರಿಸಿ, ಮೆಲ್ಲಗೆ ಮಾತಾಡಿ, ಸಣ್ಣದಕ್ಕೆ ದೊಡ್ಡದನ್ನು ಮುರಿಯಬೇಡಿ ಅಂತ ಬೇಡಿಕೊಳ್ಳುವವನು ಲೆಪಿಡಸ್. ಮುಂದೆ, ಸತ್ತ ಪಾಂಪಿಯ ಮಗನ ಹಡಗಿನಲ್ಲಿ ಸಂಧಾನದ ಔತಣ. ಎಲ್ಲರೂ ಲೆಪಿಡಸ್‌ಗೆ ಕುಡಿಸುತ್ತಾರೆ. ಮೊಸಳೆ ಹೇಗಿರುತ್ತದೆ ಎಂದು ಅವನು ಕೇಳಿದರೆ, ಮೊಸಳೆಯ ಹಾಗೇ ಇರುತ್ತದೆ ಅನ್ನುವ ಧಾಟಿಯಲ್ಲಿ ಆಂಟನಿ ತಮಾಷೆ ಮಾಡುತ್ತಾನೆ. ಕೊನೆಗೆ ಆಳೊಬ್ಬ ಅವನನ್ನು ಹೊತ್ತುಕೊಂಡು ಹೋಗುವಾಗ, ನೋಡಿ, ಜಗತ್ತಿನ ಮೂರನೇ ಒಂದು ಪಾಲು ಹೊತ್ತಿದ್ದಾನೆ ಎಂದು ಆಂಟನಿಯ ಕಡೆಯ ಎನೋಬಾರ್ಬಸ್ ನಗುತ್ತಾನೆ.

ಅದೇ ಎನೋಬಾರ್ಬಸ್ ಸ್ವಲ್ಪ ಹೊತ್ತಿನಲ್ಲಿ ಬೇರೆ ಮಾತಾಡುತ್ತಾನೆ. ಆಕ್ಟೇವಿಯಸ್ ಲೆಪಿಡಸ್‌ನನ್ನು ಯುದ್ಧಕ್ಕೆ ಬಳಸಿಕೊಂಡು, ಕೆಲಸ ಮುಗಿದ ಮೇಲೆ ಪಾಲು ನಿರಾಕರಿಸಿ, ಸೆರೆಗೆ ಹಾಕಿದ ಎಂಬ ಸುದ್ದಿ ಬರುತ್ತದೆ. ಈಗ ಲೋಕಕ್ಕೆ ಉಳಿದದ್ದು ಎರಡು ದವಡೆ ಮಾತ್ರ, ಏನೇ ಹಾಕಿದರೂ ಒಂದನ್ನೊಂದು ಅರೆಯುತ್ತವೆ ಎನ್ನುವ ಅರ್ಥದಲ್ಲಿ ಅವನು ಹೇಳುತ್ತಾನೆ. ನಕ್ಕವನ ಬಾಯಿಂದಲೇ ಬರುವುದರಿಂದ ಈ ಮಾತಿಗೆ ತೂಕ. ಇನ್ನೂ ಒಂದು ಸಂಗತಿ ನೋಡಿ: ಟ್ರಯಂವಿರೇಟ್ ಎಂಬ ಪದ ಆಕ್ಟೇವಿಯಸ್‌ನ ಬಾಯಲ್ಲಿ ಬರುವುದು ಮೂರನೆಯವನನ್ನು ತೆಗೆದುಹಾಕಿದ ಮೇಲೆ! ಆಂಟನಿಯ ದೂರುಗಳನ್ನು ಅವನು ಪಟ್ಟಿ ಮಾಡುತ್ತಿದ್ದಾನೆ. ಲೆಪಿಡಸ್‌ನನ್ನು ತೆಗೆದದ್ದು, ಅವನ ವರಮಾನವನ್ನೆಲ್ಲ ಇಟ್ಟುಕೊಂಡದ್ದು, ಇವೂ ಆ ದೂರುಗಳಲ್ಲಿವೆ. ಸ್ನೇಹದ ಸೊಲ್ಲಿಲ್ಲ, ಖಾತೆಯ ಬಾಕಿಯದೇ ಮಾತು.

ಚರಿತ್ರೆಯೂ ಇದನ್ನೇ ಎರಡು ಸಲ ಹೇಳಿದೆ. ಕ್ರಿ.ಪೂ. 53ರಲ್ಲಿ ಕ್ರಾಸಸ್ ಪಾರ್ಥಿಯನ್ನರ ಯುದ್ಧದಲ್ಲಿ ಸತ್ತ, ಕ್ರಿ.ಪೂ. 49ರಲ್ಲಿ ಸೀಸರನಿಗೂ ಪಾಂಪಿಗೂ ಯುದ್ಧ ಶುರು. ಕ್ರಿ.ಪೂ. 36ರಲ್ಲಿ ಲೆಪಿಡಸ್ ಪದಚ್ಯುತನಾದ, ಕ್ರಿ.ಪೂ. 31ರಲ್ಲಿ ಆಕ್ಟಿಯಂ ಕದನ. ಇಬ್ಬರ ನಡುವೆ ಬೇರೆ ಕಾರಣಗಳೂ ಇದ್ದವು, ನಿಜ. ಆದರೆ ಎರಡು ಸಲವೂ ನಡುವೆ ಕೂರುವವನಿರಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತೇವೆ. ಇಲ್ಲಿ ಕೂಸನ್ನು ಮೊದಲು ಹೊರಗೆ ಹಾಕಿ, ಆಮೇಲೆ ಜಗಳ.

ನಿವೃತ್ತನಾದ ಮೇಲೂ ಡೊಂಬಿವಲಿಯಲ್ಲೇ ನೆಲೆ ನಿಂತ ನನಗೆ ಈ ನಾಟಕ ದೂರದ್ದಲ್ಲ. ಮುಂಬಯಿ ಕಡೆಯ ಹೌಸಿಂಗ್ ಸೊಸೈಟಿಗಳಲ್ಲಿ ಚೇರ್ಮನ್, ಸೆಕ್ರೆಟರಿ, ಟ್ರೆಷರರ್ ಎಂಬ ಮೂವರ ಆಡಳಿತವಿರುತ್ತದೆ. ನಮ್ಮಲ್ಲಿ ಚೇರ್ಮನ್ ಮರಾಠಿಯವರು, ಸೆಕ್ರೆಟರಿ ಗುಜರಾತಿಯವರು. ಬ್ಯಾಂಕಿನಿಂದ ರಿಟೈರ್ ಆದ ಕನ್ನಡಿಗ ಸಿಕ್ಕಿದರೆ ಟ್ರೆಷರರ್ ಯಾರೆಂದು ಕೇಳಬೇಕೆ? ‘ರಾವ್ ಸಾಹೇಬ್, ತುಮ್ಹೀಚ್ ಬಘಾ’ ಎಂದು ಫೈಲು ಕೈಗಿಟ್ಟರು. ನಾನು ಎರಡೂ ಗುಂಪಿನವನಲ್ಲ, ಇಬ್ಬರಿಗೂ ನಂಬಿಕೆ. ಹೊರನಾಡಿನ ಕನ್ನಡಿಗನಿಗೆ ಈ ನಡುವಿನ ಕುರ್ಚಿ ಹೊಸದಲ್ಲ. ನಮ್ಮವರು ಹೊಂದಿಕೊಂಡು ಹೋಗುವವರು ಅಂತ ಊರಿನಲ್ಲಿ ನೀವು ಹೊಗಳುತ್ತೀರಲ್ಲ, ಆ ಗುಣಕ್ಕೆ ಸಿಗುವ ಕುರ್ಚಿ ಇದೇ.

ಹಾಗಂತ ಲೆಪಿಡಸ್‌ನನ್ನು ಸಂತನನ್ನಾಗಿ ಮಾಡಲು ನಾನು ತಯಾರಿಲ್ಲ. ಅವನನ್ನು ಕೆಡಿಸಿದ್ದು ದೌರ್ಬಲ್ಯವಲ್ಲ, ಅಗ್ಗದ ಒಪ್ಪಿಗೆ. ಅಣ್ಣನ ಹೆಸರಿಗೇ ಹೂಂ ಅಂದವನು ಇನ್ನು ಯಾವುದಕ್ಕೆ ಬೇಡ ಅಂದಾನು? ಮುಂದೆ ಅವನನ್ನು ಯಾರೂ ಕೇಳುವುದೇ ಇಲ್ಲ. ಲಿಫ್ಟ್ ರಿಪೇರಿಯ ಬಿಲ್ಲು ಕೊಟೇಶನ್ನಿಗಿಂತ ಹೆಚ್ಚು ಬಂದು, ಚೇರ್ಮನ್ನರೂ ಸೆಕ್ರೆಟರಿಯವರೂ ಅಪರೂಪಕ್ಕೆ ಒಂದಾಗಿ ‘ಸೈನ್ ಮಾಡಿಬಿಡಿ’ ಅಂದಾಗ ನಾನು ಚೆಕ್ಕಿಗೆ ಸಹಿ ಹಾಕಲಿಲ್ಲ. ಎರಡು ವಾರ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಸರಿಯಾದ ಬಿಲ್ಲು ಬಂತು. ಶಾಂತಿ ಕಾಪಾಡಲು ಹಾಕುವ ಸಹಿಗೂ, ಶಾಂತಿಗಾಗಿಯೇ ತಡೆಹಿಡಿಯುವ ಸಹಿಗೂ ಇರುವ ವ್ಯತ್ಯಾಸವೇ ಮೂರನೆಯವನ ಬಂಡವಾಳ. ಲೆಪಿಡಸ್ ಅದನ್ನು ಮೊದಲ ದೃಶ್ಯದಲ್ಲೇ ಖರ್ಚು ಮಾಡಿಬಿಟ್ಟಿದ್ದ. ಗೈಡು ಬರೆಯುವವರು ಮಕ್ಕಳಿಗೆ ಹೇಳಬೇಕಾದದ್ದು ಇದನ್ನು.