ಹೆಜ್ಜೆಗುರುತಿನ ಓದು: ಪ್ರಾಣಿಪ್ರಿಯ ಪತ್ತೇದಾರ ಮತ್ತು ಕನ್ನಡ ಕಥನ

1

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕನ್ನಡದ ಸಾಮಾನ್ಯ ಓದುಗವರ್ಗವನ್ನು ವಿಸ್ತರಿಸಿದ ಪ್ರಕಾರಗಳಲ್ಲಿ ಪತ್ತೇದಾರಿ ಕಾದಂಬರಿಯೂ ಒಂದು. ಎನ್. ನರಸಿಂಹಯ್ಯನವರು (1925-2011) ಹೆಚ್ಚಿನ ಶಾಲಾ ಶಿಕ್ಷಣವಿಲ್ಲದೆಯೂ ಐನೂರಕ್ಕೂ ಮಿಕ್ಕಿ ಕಾದಂಬರಿಗಳನ್ನು ಬರೆದರು. ಅವರ ಪತ್ತೇದಾರ ಪುರುಷೋತ್ತಮ ಮನೆಮಾತಾದ. ಕನ್ನಡ ಚಳವಳಿಯ ನಾಯಕರಾಗಿ ಹೆಸರಾದ ಮ. ರಾಮಮೂರ್ತಿಯವರೂ ಈ ಪ್ರಕಾರದಲ್ಲಿ ವಿಪುಲವಾಗಿ ಬರೆದರು. ಆದರೆ ನಮ್ಮ ವಿಮರ್ಶೆ ಇವೆಲ್ಲವನ್ನೂ ‘ಜನಪ್ರಿಯ’ ಎಂಬ ಒಂದೇ ಮಾತಿನಲ್ಲಿ ಬದಿಗಿಟ್ಟಿತು. ಇದರಿಂದಾದ ನಷ್ಟ ಆ ಕಾದಂಬರಿಗಳಿಗೆ ಸೀಮಿತವಾಗಲಿಲ್ಲ. ಸುಳಿವು ಹಿಡಿದು ಸತ್ಯದತ್ತ ಸಾಗುವ ಪತ್ತೇದಾರಿ ಕಥನಕ್ರಮ ಗಂಭೀರವೆನಿಸಿದ ಕೃತಿಗಳೊಳಗೆ ಹೇಗೆ ಕೆಲಸ ಮಾಡಿದೆ ಎಂಬ ಪ್ರಶ್ನೆಯೂ ಅದರೊಂದಿಗೇ ಮರೆಗೆ ಸರಿಯಿತು.

ಪ್ರಾಣಿಗಳನ್ನು ಬಲ್ಲ, ಪ್ರೀತಿಸುವ ಹವ್ಯಾಸಿ ಪತ್ತೇದಾರ ಎಂಬ ಒಂದು ಪಾತ್ರಮಾದರಿಯನ್ನು ಹಿಡಿದು ಆ ಪ್ರಶ್ನೆಯನ್ನು ಮತ್ತೆ ಎತ್ತುವುದು ಪ್ರಸ್ತುತ ಲೇಖನದ ಉದ್ದೇಶ.

2

ಪತ್ತೇದಾರಿ ಸಾಹಿತ್ಯದಲ್ಲಿ ಪ್ರಾಣಿಯ ಪ್ರವೇಶ ಆ ಪ್ರಕಾರದಷ್ಟೇ ಹಳೆಯದು. ಈ ಪ್ರಕಾರದ ಮೊದಲ ಕತೆಯೆಂದು ಸಾಮಾನ್ಯವಾಗಿ ಪರಿಗಣಿತವಾಗಿರುವ ಎಡ್ಗರ್ ಅಲನ್ ಪೋನ 1841ರ ರೂ ಮಾರ್ಗ್ ಕತೆಯಲ್ಲಿ ಕೊಲೆ ಮಾಡಿದ್ದು ಒಂದು ಒರಾಂಗುಟಾನ್. ಕಾನನ್ ಡಾಯ್ಲ್‌ನ ‘ಸಿಲ್ವರ್ ಬ್ಲೇಜ್’ ಕತೆಯಲ್ಲಿ (1892) ರಾತ್ರಿ ನಾಯಿ ಬೊಗಳದೆ ಇದ್ದುದೇ ಸುಳಿವಾಗುತ್ತದೆ. ಒಂದರಲ್ಲಿ ಪ್ರಾಣಿ ಅಪರಾಧಿ, ಇನ್ನೊಂದರಲ್ಲಿ ಮೂಕಸಾಕ್ಷಿ.

ಮುಂದೆ ಇಂಗ್ಲಿಷಿನಲ್ಲಿ ‘ಕೋಝಿ’ ಎಂದು ಕರೆಸಿಕೊಂಡ, ನಾವು ‘ಸೌಮ್ಯ ಪತ್ತೇದಾರಿ’ ಎನ್ನಬಹುದಾದ ಉಪಪ್ರಕಾರ ಬೆಳೆಯಿತು. ಪುಟ್ಟ ಊರು, ಪರಸ್ಪರ ಬಲ್ಲ ಜನ, ರಕ್ತಪಾತದ ವರ್ಣನೆಗೆ ಕಡಿವಾಣ, ಪೊಲೀಸರಲ್ಲದ ಒಬ್ಬ ಕುತೂಹಲಿ – ಇವು ಅದರ ಲಕ್ಷಣಗಳು. ಅಗಾಥಾ ಕ್ರಿಸ್ಟಿ 1930ರ ಕಾದಂಬರಿಯಲ್ಲಿ ಮುನ್ನೆಲೆಗೆ ತಂದ ಮಿಸ್ ಮಾರ್ಪಲ್ ಇದರ ಮಾದರಿ. ಅಮೆರಿಕದ ಲಿಲಿಯನ್ ಜಾಕ್ಸನ್ ಬ್ರಾನ್ 1966ರಲ್ಲಿ ಸಯಾಮಿ ಬೆಕ್ಕನ್ನು ಪತ್ತೇದಾರಿಯ ಜತೆಗಾರನನ್ನಾಗಿ ತಂದರು. 1990ರಲ್ಲಿ ಆರಂಭವಾದ ರೀಟಾ ಮೇ ಬ್ರೌನ್ ಅವರ ಸರಣಿಯಲ್ಲಿ ಅಂಚೆ ಕಚೇರಿ ನೋಡಿಕೊಳ್ಳುವ ಹೆಂಗಸಿನ ಬೆಕ್ಕು, ನಾಯಿಗಳು ತಮ್ಮಲ್ಲೇ ಮಾತಾಡಿಕೊಂಡು ಸುಳಿವು ಹುಡುಕುತ್ತವೆ. ಇಂಥ ಕಾದಂಬರಿಗಳು ಓದುಗನಿಗೆ ಒಂದು ಭರವಸೆ ಕೊಡುತ್ತವೆ: ಕೊಲೆಯಿಂದ ಕದಡಿದ ಊರು ಸತ್ಯ ತಿಳಿದೊಡನೆ ತಿಳಿಯಾಗುತ್ತದೆ, ಸತ್ಯವನ್ನು ತಿಳಿಸಿದವರಿಗೆ ಊರೂ ಕಾನೂನೂ ಕೃತಜ್ಞವಾಗಿರುತ್ತವೆ.

3

ಈ ಮಾದರಿ ಕನ್ನಡದ ಪತ್ತೇದಾರಿ ಪರಂಪರೆಯಲ್ಲಿ ಬೇರೂರಲಿಲ್ಲ. ನಮ್ಮ ಪ್ರಸಿದ್ಧ ಪತ್ತೇದಾರರು ಬಹುಮಟ್ಟಿಗೆ ವೃತ್ತಿಪರರು, ನಗರದವರು, ಸಾಹಸಿಗಳು. ಇದಕ್ಕೆ ಸಾಮಾಜಿಕ ಕಾರಣವೊಂದನ್ನು ಊಹಿಸಬಹುದು. ಸೌಮ್ಯ ಪತ್ತೇದಾರಿಯ ನಾಯಕಿ ಯಾರ ಮನೆಗಾದರೂ ಚಹಾ ನೆಪದಲ್ಲಿ ಹೊಕ್ಕು ನಡುಮನೆಯಲ್ಲಿ ಕೂರಬಲ್ಲಳು. ಜಾತಿ ಕೇರಿಗಳಾಗಿ ಹಂಚಿಹೋದ ನಮ್ಮ ಹಳ್ಳಿಯಲ್ಲಿ ಎಲ್ಲ ಹೊಸ್ತಿಲುಗಳನ್ನೂ ಸಲೀಸಾಗಿ ದಾಟಬಲ್ಲ ವ್ಯಕ್ತಿ ದುರ್ಲಭ. ಪ್ರಾಣಿಯ ನೆಲೆಯೂ ಹಾಗೆಯೇ. ಎತ್ತು ಕೊಟ್ಟಿಗೆಯಲ್ಲಿ, ನಾಯಿ ಜಗುಲಿಯ ಕೆಳಗೆ. ಅವು ದುಡಿಮೆಯ ಪಾಲುದಾರರು. ಸೋಫಾದ ಮೇಲೆ ಮಲಗಿ ಒಡತಿಯ ಒಂಟಿತನ ನೀಗುವ ಬೆಕ್ಕು ಆ ಬದುಕಿನಿಂದ ಹುಟ್ಟುವ ಪ್ರತಿಮೆಯಲ್ಲ.

ಹಾಗಾದರೆ ಪ್ರಾಣಿಯನ್ನು ಬಲ್ಲ ಹವ್ಯಾಸಿ ಪತ್ತೇದಾರ ಕನ್ನಡಕ್ಕೆ ಬರಲೇ ಇಲ್ಲವೇ? ಬಂದ, ಆದರೆ ಪತ್ತೇದಾರಿ ಎಂಬ ಹಣೆಪಟ್ಟಿಯಿಲ್ಲದೆ, ಕಾಡಿನ ದಾರಿಯಿಂದ ಬಂದ. ಪೂರ್ಣಚಂದ್ರ ತೇಜಸ್ವಿಯವರ (1938-2007) ‘ಕರ್ವಾಲೊ’ (1980) ರಚನೆಯಲ್ಲಿ ಒಂದು ಪತ್ತೇದಾರಿ ಕಾದಂಬರಿ. ಹುಡುಕಬೇಕಾದದ್ದು ಕೊಲೆಗಾರನ ಬದಲು ಒಂದು ಹಾರುವ ಓತಿ. ಮೂಡಿಗೆರೆಯ ಜೇನು ಸೊಸೈಟಿಯಲ್ಲಿ ಕತೆ ತೊಡಗುತ್ತದೆ. ವಿಜ್ಞಾನಿ ಕರ್ವಾಲೊ, ಕೃಷಿಕನಾದ ನಿರೂಪಕ, ಅವನ ನಾಯಿ ಕಿವಿ, ಬಿರಿಯಾನಿ ಕರಿಯಪ್ಪ, ಎಂಗ್ಟ, ಪ್ರಭಾಕರ – ಇಂಥದೊಂದು ಪುಟ್ಟ ಊರಿನ ಬಳಗ, ಅದರ ಹರಟೆ, ಅದರ ಸಣ್ಣಪುಟ್ಟ ವ್ಯಾಜ್ಯಗಳು, ನಗೆ: ಸೌಮ್ಯ ಪತ್ತೇದಾರಿಯ ಸಾಮಗ್ರಿಯೆಲ್ಲ ಇಲ್ಲಿದೆ.

ಆದರೆ ಒಂದು ಮೂಲಭೂತ ವ್ಯತ್ಯಾಸವಿದೆ. ಇಲ್ಲಿ ಪತ್ತೇದಾರ ಒಬ್ಬನಲ್ಲ. ಸುಳಿವನ್ನು ಮೊದಲು ಕಂಡವನು ಹಳ್ಳಿಗಾಡಿನ ಮಂದಣ್ಣ. ಅದರ ಮಹತ್ವ ತಿಳಿದವರು ಕರ್ವಾಲೊ. ಅದನ್ನು ಕತೆಯಾಗಿಸಿದವನು ನಿರೂಪಕ. ಕಾಣುವುದು, ಅರಿಯುವುದು, ಬರೆಯುವುದು ಮೂರೂ ಬೇರೆಬೇರೆ ಸಾಮಾಜಿಕ ನೆಲೆಗಳಲ್ಲಿ ಹಂಚಿಹೋಗಿವೆ. ಕಾಡನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲ ಮಂದಣ್ಣನೇ ಕಳ್ಳಬಟ್ಟಿಯ ಮೊಕದ್ದಮೆಯಲ್ಲಿ ಸಿಲುಕಿ ಕಟಕಟೆಗೆ ಬರುತ್ತಾನೆ. ಊರಿಗೆ ಅವನು ಉಡಾಳ, ಕಾನೂನಿಗೆ ಆರೋಪಿ. ಕರ್ವಾಲೊ ಒಬ್ಬರಿಗೇ ಅವನು ಹುಟ್ಟು ಪ್ರಕೃತಿವಿಜ್ಞಾನಿ. ಮಿಸ್ ಮಾರ್ಪಲ್‌ಗೆ ಪೊಲೀಸರು ಕೊನೆಗೆ ತಲೆಬಾಗುತ್ತಾರೆ. ಕನ್ನಡದ ಪತ್ತೇದಾರನಾದರೋ ತಾನೇ ಅನುಮಾನಿತ. ‘ಕರ್ವಾಲೊ’ವನ್ನು ತಾತ್ತ್ವಿಕ ಅನ್ವೇಷಣೆಯೆಂದು ಓದುವ ವಿಮರ್ಶೆ ಈ ಕಟಕಟೆಯ ಪ್ರಸಂಗವನ್ನು ಹಾಸ್ಯದ ಉಪಕತೆಯಾಗಿ ದಾಟಿಹೋಗುವ ಅಪಾಯವಿದೆ. ಪತ್ತೇದಾರಿ ಪ್ರಕಾರದ ಬೆಳಕಿನಲ್ಲಿ ಓದಿದಾಗ ಅದೇ ಕಾದಂಬರಿಯ ನಡುಗಂಬವಾಗಿ ಕಾಣುತ್ತದೆ.

4

ಇದು ಮಲೆನಾಡಿಗೆ ಮಾತ್ರ ಸಲ್ಲುವ ಮಾತೇ ಎಂಬುದನ್ನು ಪರೀಕ್ಷಿಸಲು ರಾಜ್ಯದ ಇನ್ನೊಂದು ತುದಿಯಾದ ನಂಗಲಿಯತ್ತ ನೋಡುವುದು ಉಪಯುಕ್ತ. ಮುಳಬಾಗಿಲಿನಿಂದ ಪಲಮನೇರಿನತ್ತ ಸಾಗುವ ಹೆದ್ದಾರಿಯಲ್ಲಿ ಕನ್ನಡ ನಾಡಿನ ಕೊನೆಯ ಊರುಗಳಲ್ಲಿ ನಂಗಲಿಯೂ ಒಂದು. ಹೊಯ್ಸಳ ವಿಷ್ಣುವರ್ಧನನ ಶಾಸನಗಳು ನಂಗಲಿಯ ಘಟ್ಟವನ್ನು ರಾಜ್ಯದ ಪೂರ್ವದ ಎಲ್ಲೆಯಾಗಿ ಹೇಳುತ್ತವೆ. ಆ ಎಲ್ಲೆಯಾಚೆ, ಹಿಂದಿನ ಚಿತ್ತೂರು ಜಿಲ್ಲೆಯ ಬೆಟ್ಟಗಳಲ್ಲಿ, ಚಾಮಲಾ ಕಣಿವೆಯಿದೆ. ಬೆಂಗಳೂರಿನಲ್ಲಿ ನೆಲೆಸಿದ್ದ ಕೆನೆತ್ ಆಂಡರ್ಸನ್ (1910-1974) 1954ರಲ್ಲಿ ಪ್ರಕಟಿಸಿದ ಮೊದಲ ಪುಸ್ತಕದಲ್ಲಿಯೇ ಈ ಕಣಿವೆಯ ನರಭಕ್ಷಕ ಹುಲಿಯ ಕತೆಯಿದೆ. ಆಂಡರ್ಸನ್‌ನ ಕತೆಗಳನ್ನು ತೇಜಸ್ವಿಯವರೇ ‘ಕಾಡಿನ ಕತೆಗಳು’ ಮಾಲೆಯ ನಾಲ್ಕು ಸಂಪುಟಗಳಲ್ಲಿ ಕನ್ನಡಕ್ಕೆ ತಂದುದು ಆಕಸ್ಮಿಕವಲ್ಲ.

ಈ ಕತೆಗಳಲ್ಲಿ ಹತ್ಯೆ ಮೊದಲು ನಡೆಯುತ್ತದೆ. ಬಳಿಕ ಹೆಜ್ಜೆಗುರುತು, ಮುರಿದ ಹುಲ್ಲು, ಮಂಗನ ಎಚ್ಚರಿಕೆಯ ಕೂಗು ಸುಳಿವುಗಳಾಗುತ್ತವೆ. ಕೊನೆಗೆ ‘ಪ್ರೇರಣೆ’ಯ ಶೋಧವೂ ಇದೆ: ಹುಲಿ ಏಕೆ ಮನುಷ್ಯರ ಮೇಲೆರಗಿತು? ಉತ್ತರ ಹಲವು ಬಾರಿ ಹಳೆಯ ಗುಂಡಿನ ಗಾಯ, ಅಂದರೆ ಮನುಷ್ಯನದೇ ತಪ್ಪು. ಹೀಗೆ ಅಪರಾಧಿಯ ಹಿಂದೆ ಮತ್ತೊಬ್ಬ ಅಪರಾಧಿ ಕಾಣಿಸಿಕೊಳ್ಳುತ್ತಾನೆ. ಪ್ರಾಣಿಯನ್ನು ಪ್ರೀತಿಸುವವನೇ ಅದನ್ನು ಕೊಲ್ಲಬೇಕಾಗಿ ಬರುವುದರಿಂದ ಗುಂಡಿನ ಸದ್ದಿನೊಂದಿಗೆ ಕತೆ ಮುಗಿದರೂ ಸಮಾಧಾನ ಮೂಡುವುದಿಲ್ಲ. ಇಲ್ಲಿಯೂ ಪತ್ತೇದಾರಿಕೆ ಹಂಚಿಹೋಗಿದೆ. ನೆಲದ ಗುರುತನ್ನು ಓದಬಲ್ಲ ಬೈರ, ರಂಗ ಮುಂತಾದ ಸಂಗಾತಿಗಳು ಒಂದೆಡೆ, ಬರೆಯಬಲ್ಲ ಆಂಡರ್ಸನ್ ಇನ್ನೊಂದೆಡೆ. ಆಂಡರ್ಸನ್ ತನ್ನ ಸಂಗಾತಿಗಳನ್ನು ಹೆಸರಿಟ್ಟು ನೆನೆಯುತ್ತಾನೆ ಎಂಬುದು ಅವನ ದೊಡ್ಡತನ. ಆದರೂ ಮುಖಪುಟದ ಮೇಲೆ ಉಳಿದದ್ದು ಒಂದೇ ಹೆಸರು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಬೇಟೆಯ ಕತೆಯ ಕಾಲ ಮುಗಿಯಿತು. ಆದರೆ ಈ ಗಡಿಯಲ್ಲಿ ಹೆಜ್ಜೆಗುರುತಿನ ಓದು ಮುಗಿಯಲಿಲ್ಲ. 1980ರ ದಶಕದಲ್ಲಿ ಆನೆಗಳು ಪಲಮನೇರು-ಕುಪ್ಪಂ ಕಾಡುಗಳಿಗೆ ಬಂದು ನೆಲೆಸಿದವು. 1990ರಲ್ಲಿ ಅಲ್ಲಿ ಕೌಂಡಿನ್ಯ ವನ್ಯಧಾಮ ರೂಪುಗೊಂಡಿತು. ರಾಜ್ಯದ ಎಲ್ಲೆ ಆನೆಗೆ ತಿಳಿಯದು. ಗಡಿಯ ರೈತ ಬೆಳಗ್ಗೆ ತುಳಿದ ರಾಗಿಹೊಲದಲ್ಲಿ ನಿಂತು ಕೇಳುವ ಪ್ರಶ್ನೆಗಳು ಅಪ್ಪಟ ಪತ್ತೇದಾರನವು: ಯಾರು ಬಂದರು, ಎಷ್ಟು ಮಂದಿ, ಲದ್ದಿ ಎಷ್ಟು ಹೊತ್ತಿನದು, ಯಾವ ಕಡೆ ಹೋದರು? ಕಾಡುಪ್ರಾಣಿಗಳ ಜಾಡನ್ನು ಹೀಗೆ ಚೆನ್ನಾಗಿ ಬಲ್ಲವನ ಮೇಲೆಯೇ ಕಾನೂನಿನ ಕಣ್ಣು ಮೊದಲು ಬೀಳುವ ಸಂಭವವಿದೆ. ಮಂದಣ್ಣನ ಸ್ಥಿತಿ ಮೂಡಿಗೆರೆಯಲ್ಲಿ ಮಾತ್ರ ಉಳಿದಿಲ್ಲ.

5

ಸೌಮ್ಯ ಪತ್ತೇದಾರಿಯ ಸಾಂತ್ವನವನ್ನು ಕನ್ನಡದ ಈ ಕೃತಿಗಳು ಕೊಡುವುದಿಲ್ಲ. ‘ಚಿದಂಬರ ರಹಸ್ಯ’ದಲ್ಲಿ (1985) ತನಿಖೆಗೆಂದು ಅಂಗಡಿ ಎಂಬ ಅಧಿಕಾರಿ ಕೆಸರೂರಿಗೆ ಬಂದರೂ ಊರು ತಿಳಿಯಾಗುವ ಬದಲು ಬೆಂಕಿಗೆ ಆಹುತಿಯಾಗುತ್ತದೆ. ‘ಕರ್ವಾಲೊ’ದ ಕೊನೆಯಲ್ಲಿ ಓತಿ ಪ್ರಪಾತದ ಅಂಚಿನಿಂದ ತೇಲಿ ಕಣ್ಮರೆಯಾಗುತ್ತದೆ, ಪತ್ತೆಯಾದದ್ದು ಕೈಗೆ ಸಿಗುವುದಿಲ್ಲ. ಇದನ್ನು ಪ್ರಕಾರದ ವೈಫಲ್ಯವೆಂದು ಭಾವಿಸಬೇಕಾಗಿಲ್ಲ. ಕಂಡವನಿಗೆ ಮಾನ್ಯತೆ ಸಿಗದ ಸಮಾಜದಲ್ಲಿ ಪತ್ತೆ ಪೂರ್ಣವಾಗಲಾರದು ಎಂಬುದನ್ನು ಕಥನದ ರಚನೆಯೇ ಹೇಳುತ್ತಿದೆ.

ಆದ್ದರಿಂದ ಸಂಶೋಧಕರ ಮುಂದೆ ಎರಡು ಕೆಲಸಗಳಿವೆ. ಮೊದಲನೆಯದು, ಅಗ್ಗದ ಕಾಗದದಲ್ಲಿ ಅಚ್ಚಾಗಿ ಸವೆಯುತ್ತಿರುವ ಪತ್ತೇದಾರಿ ಕಾದಂಬರಿಗಳನ್ನು ಗ್ರಂಥಾಲಯಗಳು ಸಂಗ್ರಹಿಸಿ ಸೂಚಿ ಸಿದ್ಧಪಡಿಸುವುದು. ಅವಿಲ್ಲದೆ ಹೋಲಿಕೆಗೆ ಆಧಾರವೇ ಇರುವುದಿಲ್ಲ. ಎರಡನೆಯದು, ನಂಗಲಿಯಂಥ ಗಡಿಪ್ರದೇಶಗಳಲ್ಲಿ ಕನ್ನಡ ತೆಲುಗು ಎರಡರಲ್ಲೂ ಉಳಿದಿರುವ ಜಾಡು ಓದುವ ಮಾತುಗಳನ್ನು, ಪ್ರಾಣಿಪ್ರಸಂಗಗಳನ್ನು ಹೇಳಿದವರ ಒಪ್ಪಿಗೆ ಪಡೆದು, ಅವರದೇ ಹೆಸರಿನಲ್ಲಿ ದಾಖಲಿಸುವುದು. ಇಲ್ಲವಾದರೆ ಮಂದಣ್ಣ ಕಂಡದ್ದನ್ನು ಬೇರೆಯವರು ಬರೆಯುವ ಪರಿಪಾಠವನ್ನೇ ನಮ್ಮ ಸಂಶೋಧನೆಯೂ ಮುಂದುವರಿಸಿದಂತಾಗುತ್ತದೆ.