ಉತ್ತಮಪುರುಷದ ವಾಕ್ಯ: ಅಪರಾಧ ವಿಚಾರಣೆಯಲ್ಲಿ ಮನಶ್ಶಾಸ್ತ್ರಜ್ಞನ ಸ್ಥಾನ

ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಸುಳ್ಳು ಹೇಳುವ ವಾದಿಯನ್ನೂ ಸಾಕ್ಷಿಯನ್ನೂ ಗುರುತಿಸುವ ಲಕ್ಷಣಗಳ ಒಂದು ಪಟ್ಟಿಯಿದೆ. ಅಂಥವನು ನಿಂತಲ್ಲಿ ನಿಲ್ಲಲಾರ, ಕಟವಾಯಿಯನ್ನು ನೆಕ್ಕಿಕೊಳ್ಳುತ್ತಾನೆ, ಅವನ ಹಣೆ ಬೆವರುತ್ತದೆ, ಮುಖ ಬಣ್ಣಗೆಡುತ್ತದೆ, ಬಾಯೊಣಗಿ ಮಾತು ತಡವರಿಸುತ್ತದೆ. ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದು ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಈ ಲಕ್ಷಣಗಳನ್ನು ವಿವರಿಸಿ ಅಲ್ಲಿಗೇ ನಿಲ್ಲುವುದಿಲ್ಲ. ಇವು ದೋಷದ ಸಂಭಾವನೆಯನ್ನು ಮಾತ್ರ ಹೇಳುತ್ತವೆ, ಸೋಲುಗೆಲುವಿನ ನಿರ್ಣಯಕ್ಕೆ ಇವು ಕಾರಣವಾಗವು ಎನ್ನುತ್ತಾನೆ. ಅವನು ಕೊಡುವ ಕಾರಣ ಗಮನಾರ್ಹವಾದುದು: ಸ್ವಭಾವದಿಂದಲೇ ಬಂದ ವಿಕಾರ ಯಾವುದು, ಸಂದರ್ಭದ ನಿಮಿತ್ತ ಹುಟ್ಟಿದ ವಿಕಾರ ಯಾವುದು ಎಂದು ಬೇರ್ಪಡಿಸಿ ತಿಳಿಯುವುದು ಕಷ್ಟ.

ಈ ಮಾತಿಗೆ ಎಂಟುನೂರು ವರ್ಷಗಳಿಗೂ ಮೀರಿದ ವಯಸ್ಸಾಗಿದೆ. 1923ರಲ್ಲಿ ಮಾರ್ಸ್‌ಟನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞನು ರಕ್ತದೊತ್ತಡದ ಏರಿಳಿತದಿಂದ ಸುಳ್ಳನ್ನು ಕಂಡುಹಿಡಿಯಬಲ್ಲೆನೆಂದು ಮುಂದೆ ಬಂದಾಗ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಅವನ ಸಾಕ್ಷ್ಯವನ್ನು ಸ್ವೀಕರಿಸಲಿಲ್ಲ. ಆ ವಿಧಾನ ತನ್ನ ಶಾಸ್ತ್ರದ ವಲಯದಲ್ಲಿಯೇ ಇನ್ನೂ ಸರ್ವಸಮ್ಮತವಾಗಿಲ್ಲ ಎಂಬುದು ಅದರ ಕಾರಣವಾಗಿತ್ತು. ಸುಳ್ಳುಪತ್ತೆ ಯಂತ್ರ ಇಂದಿಗೂ ಅಳೆಯುತ್ತಿರುವುದು ಬೆವರನ್ನೂ ಉಸಿರನ್ನೂ ರಕ್ತದೊತ್ತಡವನ್ನೂ. ಸ್ಮೃತಿಕಾರನ ಪಟ್ಟಿಗೆ ತಂತಿ ಜೋಡಿಸಿದಂತಾಯಿತು. ವ್ಯಾಖ್ಯಾನಕಾರನ ಎಚ್ಚರಿಕೆಯನ್ನು ಮಾತ್ರ ಯಾರೂ ಜೋಡಿಸಲಿಲ್ಲ.

ಕನ್ನಡ ಪೀಠದ ಸಂಶೋಧನ ಪತ್ರಿಕೆಯಲ್ಲಿ ಅಪರಾಧ ವಿಚಾರಣೆಯ ಮನಶ್ಶಾಸ್ತ್ರಕ್ಕೆ ಏನು ಕೆಲಸವೆಂದು ಕೇಳುವವರಿರಬಹುದು. ಮನಶ್ಶಾಸ್ತ್ರಜ್ಞನು ನ್ಯಾಯಾಲಯದ ಮುಂದಿಡುವುದು ಒಂದು ಬರಹವನ್ನು. ಅದಕ್ಕೆ ನಿರೂಪಕನಿದ್ದಾನೆ, ಕಥಾನಾಯಕನಿದ್ದಾನೆ, ಓದುಗನಾಗಿ ನ್ಯಾಯಾಧೀಶನಿದ್ದಾನೆ. ಈ ಬರಹದಲ್ಲಿ ‘ನಾನು’ ಎಂಬ ಮಾತು ಯಾರದು ಎಂಬ ಪ್ರಶ್ನೆಯನ್ನು ಪಠ್ಯವಿಮರ್ಶೆಯ ಅಭ್ಯಾಸವುಳ್ಳವರು ಕೇಳದಿದ್ದರೆ ಮತ್ತಾರೂ ಕೇಳಲಾರರೆಂದು ನಮಗೆ ತೋರುತ್ತದೆ. ಪ್ರಸ್ತುತ ಲೇಖನದಲ್ಲಿ ನಾವು ಮುಖ್ಯವಾಗಿ ಓದಹೊರಟಿರುವ ಪಠ್ಯ, ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2010ರ ಮೇ 5ರಂದು ನೀಡಿದ ತೀರ್ಪು. ಅದು ಕರ್ನಾಟಕದಿಂದ ಹೊರಟ ಮೊಕದ್ದಮೆಯಾದುದು ಆಕಸ್ಮಿಕವಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಮಂಪರು ಪರೀಕ್ಷೆಗಾಗಿ ದೇಶದ ನಾನಾ ಭಾಗಗಳ ಪೊಲೀಸರು ಆರೋಪಿಗಳನ್ನು ಕರೆತರುತ್ತಿದ್ದುದು ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ.

ತೀರ್ಪನ್ನು ಪ್ರವೇಶಿಸುವ ಮೊದಲು ಅದರ ಹಿನ್ನೆಲೆಗೆ ಸೇರುವ ಒಂದು ಪ್ರಕರಣವನ್ನು ನೋಡಬೇಕು. 2008ರ ಜೂನ್ ತಿಂಗಳಲ್ಲಿ ಪುಣೆಯ ಸೆಷನ್ಸ್ ನ್ಯಾಯಾಲಯ ಒಂದು ಕೊಲೆ ಮೊಕದ್ದಮೆಯಲ್ಲಿ ಮಿದುಳಿನ ವಿದ್ಯುತ್ ಸ್ಪಂದನಗಳ ಪರೀಕ್ಷೆಯನ್ನೂ ಆಧಾರಗಳಲ್ಲೊಂದಾಗಿ ಸ್ವೀಕರಿಸಿ ಆರೋಪಿಗಳಿಗೆ ಶಿಕ್ಷೆ ವಿಧಿಸಿತು. ಪರೀಕ್ಷೆ ನಡೆದುದು ಮುಂಬಯಿಯಲ್ಲಿ. ಅದರ ತಂತ್ರಾಂಶ ರೂಪುಗೊಂಡುದು ಬೆಂಗಳೂರಿನಲ್ಲಿ. ಪರೀಕ್ಷೆಯ ಕ್ರಮ ಹೀಗಿತ್ತು: ತಲೆಗೆ 32 ವಿದ್ಯುದಗ್ರಗಳನ್ನು ಅಳವಡಿಸಿಕೊಂಡ ಆರೋಪಿ ಕಣ್ಣುಮುಚ್ಚಿ ಮೌನವಾಗಿ ಕುಳಿತಿರಬೇಕು. ತನಿಖೆಯವರು ತಮ್ಮ ಊಹೆಯಂತೆ ಘಟನೆ ನಡೆದ ಬಗೆಯನ್ನು ಪುಟ್ಟ ಪುಟ್ಟ ವಾಕ್ಯಗಳಲ್ಲಿ ಓದಿ ಹೇಳುತ್ತಾರೆ. ಆ ವಾಕ್ಯಗಳು ‘ನೀನು ಹೀಗೆ ಮಾಡಿದೆಯಾ’ ಎಂಬ ಪ್ರಶ್ನೆಗಳಲ್ಲ, ‘ಈಕೆ ಹೀಗೆ ಮಾಡಿದಳು’ ಎಂಬ ಆರೋಪಗಳೂ ಅಲ್ಲ. ‘ನಾನು ಕೊಂಡೆ’, ‘ನಾನು ಭೇಟಿಯಾದೆ’ ಎಂಬ ಉತ್ತಮಪುರುಷದ ವಾಕ್ಯಗಳು. ನಡುನಡುವೆ ಆಕಾಶ ನೀಲಿಯಾಗಿದೆ ಎಂಬಂಥ ನಿರುಪದ್ರವಿ ವಾಕ್ಯಗಳೂ ಇರುತ್ತವೆ. ಯಾವ ವಾಕ್ಯವನ್ನು ಮಿದುಳು ಬರಿಯ ಕೇಳಿದ ಸಂಗತಿಯಾಗಿ ಗ್ರಹಿಸಿತು, ಯಾವುದನ್ನು ಸ್ವಂತ ಅನುಭವವಾಗಿ ಸ್ಮರಿಸಿತು ಎಂಬುದನ್ನು ಯಂತ್ರ ಬೇರ್ಪಡಿಸುತ್ತದೆಂಬುದು ಈ ವಿಧಾನದ ಪ್ರತಿಪಾದನೆ. ನಿಮ್ಹಾನ್ಸ್ ಸಂಸ್ಥೆಯ ಅಂದಿನ ನಿರ್ದೇಶಕರ ಅಧ್ಯಕ್ಷತೆಯ ತಜ್ಞರ ಸಮಿತಿ ಇದನ್ನು ಪರಿಶೀಲಿಸಿ ವೈಜ್ಞಾನಿಕವಲ್ಲವೆಂದು 2008ರಲ್ಲಿಯೇ ವರದಿಯಿತ್ತಿತು.

ವಿಜ್ಞಾನದ ಮಾತನ್ನು ವಿಜ್ಞಾನಿಗಳಿಗೆ ಬಿಡೋಣ. ನಮ್ಮನ್ನು ಬೆಚ್ಚಿಬೀಳಿಸುವುದು ಆ ವಾಕ್ಯಗಳ ವ್ಯಾಕರಣ. ವಾಕ್ಯ ಒಬ್ಬನದು, ಧ್ವನಿ ಇನ್ನೊಬ್ಬನದು, ಸರ್ವನಾಮ ಮಾತ್ರ ಆರೋಪಿಯದು. ಆರೋಪಿ ಬಾಯಿ ತೆರೆದೇ ಇಲ್ಲ. ಆದರೂ ಅವನ ಪರವಾಗಿ ‘ನಾನು’ ಎಂದು ಹೇಳಿಯಾಗಿದೆ. ಮಧ್ಯಕಾಲೀನ ಪಠ್ಯಗಳೊಡನೆ ಬದುಕುವವರಿಗೆ ಈ ಸ್ಥಿತಿ ಅಪರಿಚಿತವಲ್ಲ. ವಚನಗಳ ಸಂಪಾದನೆಯಲ್ಲಿ ಪ್ರಕ್ಷೇಪದ ಸಮಸ್ಯೆಯೆಂದರೆ ಇದೇ ಅಲ್ಲವೆ? ಶರಣನ ಅಂಕಿತವನ್ನಿಟ್ಟು, ಶರಣನ ‘ನಾನು’ವನ್ನು ಬಳಸಿ, ಅನಂತರದ ಯಾರೋ ಒಬ್ಬರು ತಮ್ಮ ಮಾತನ್ನು ಹೇಳಿರುತ್ತಾರೆ. ಅಂಕಿತವಿದ್ದ ಮಾತ್ರಕ್ಕೆ ವಚನ ಅವನದಾಗದು ಎಂದು ನಾವು ವಿದ್ಯಾರ್ಥಿಗಳಿಗೆ ಮೊದಲ ವರ್ಷದಲ್ಲಿಯೇ ಕಲಿಸುತ್ತೇವೆ. ಪ್ರಕ್ಷಿಪ್ತ ವಚನದಿಂದ ಕೆಡುವುದು ಒಂದು ಸಂಪುಟ. ಪ್ರಕ್ಷಿಪ್ತ ‘ನಾನು’ವಿನಿಂದ ಕೆಡುವುದು ಒಂದು ಜೀವ.

ಸೆಲ್ವಿ ತೀರ್ಪಿನ ಮಹತ್ವ ಈ ಬೆಳಕಿನಲ್ಲಿ ತಿಳಿಯುತ್ತದೆ. ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ, ಮಿದುಳಿನ ಪರೀಕ್ಷೆ ಈ ಮೂರನ್ನೂ ಒತ್ತಾಯದಿಂದ ನಡೆಸುವುದು ಸಂವಿಧಾನದ 20ನೆಯ ವಿಧಿಯ 3ನೆಯ ಖಂಡಕ್ಕೂ 21ನೆಯ ವಿಧಿಗೂ ವಿರುದ್ಧವೆಂದು ಮುಖ್ಯ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರಿದ್ದ ಮೂವರ ಪೀಠ ಘೋಷಿಸಿತು. ಬೆರಳಚ್ಚು, ಕೈಬರಹಗಳನ್ನು ಪಡೆಯುವುದು ಸ್ವಸಾಕ್ಷ್ಯದ ಬಲವಂತವಾಗದೆಂದು 1961ರ ಕಾಠಿ ಕಾಲೂ ಪ್ರಕರಣದಲ್ಲಿ ತೀರ್ಮಾನವಾಗಿತ್ತು. ಹಾಗಾದರೆ ಬಾಯಿಬಿಡದ ಆರೋಪಿಯ ಮಿದುಳಿನ ಅಲೆಯೂ ಬೆರಳಚ್ಚಿನಂತೆ ದೇಹದ ಗುರುತಷ್ಟೇ ಅಲ್ಲವೆ ಎಂಬುದು ಸರ್ಕಾರದ ಕಡೆಯ ವಾದ. ಅಲ್ಲ, ಆ ಅಲೆಯನ್ನು ಓದಿ ವೈಯಕ್ತಿಕ ಅರಿವನ್ನು ಹೊರತೆಗೆಯುವುದಾದರೆ ಅದು ಮಾತಿಗೆ ಸಮಾನ ಎಂದಿತು ನ್ಯಾಯಾಲಯ. ಮಾತಾಡಬೇಕೋ ಸುಮ್ಮನಿರಬೇಕೋ ಎಂಬ ಆಯ್ಕೆ ಮನುಷ್ಯನ ಮಾನಸಿಕ ಏಕಾಂತಕ್ಕೆ ಸೇರಿದ್ದು. ಆ ಆಯ್ಕೆಯನ್ನು ಸೋಡಿಯಂ ಪೆಂಟೊಥಾಲ್ ಚುಚ್ಚಿ ಕಿತ್ತುಕೊಂಡ ಮೇಲೆ ಬರುವ ಮಾತು, ಮಾತೇ ಅಲ್ಲ. ಮೌನದ ಹಕ್ಕನ್ನು ಈ ದೇಶದಲ್ಲಿ ವಿಸ್ತರಿಸಿದ 1978ರ ತೀರ್ಪು ನಂದಿನಿ ಸತ್ಪತಿಯವರ ಹೆಸರಿನಲ್ಲಿದೆ. ಮುಖ್ಯಮಂತ್ರಿಯಾಗಿದ್ದ ಅವರು ಒಡಿಯಾ ಭಾಷೆಯ ಲೇಖಕಿಯೂ ಹೌದೆಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳು ನೆನೆಯಬಹುದು.

ಆದರೆ ಈ ತೀರ್ಪನ್ನು ಹೊಗಳಿ ಮುಗಿಸುವಂತಿಲ್ಲ. ಒಪ್ಪಿಗೆಯಿದ್ದರೆ ಪರೀಕ್ಷೆ ನಡೆಸಬಹುದು. ಅದರ ಫಲಿತಾಂಶ ಸಾಕ್ಷ್ಯವಾಗದಿದ್ದರೂ ಅದರಿಂದ ಪತ್ತೆಯಾದ ವಸ್ತು ಅಥವಾ ಮಾಹಿತಿ ಸಾಕ್ಷ್ಯ ಅಧಿನಿಯಮದ 27ನೆಯ ಪ್ರಕರಣದ ಮೂಲಕ ಒಳಬರಬಹುದು ಎಂದು ಅದು ಬಾಗಿಲನ್ನು ತುಸು ತೆರೆದಿರಿಸಿತು. ಪೊಲೀಸರ ವಶದಲ್ಲಿರುವವನ ಒಪ್ಪಿಗೆ ಎಷ್ಟರಮಟ್ಟಿಗೆ ಒಪ್ಪಿಗೆ? ವಕೀಲರ ನೆರವು, ನ್ಯಾಯಿಕ ಮ್ಯಾಜಿಸ್ಟ್ರೇಟರ ಮುಂದೆ ದಾಖಲಾತಿ ಮುಂತಾದ ರಕ್ಷಣೆಗಳನ್ನು ತೀರ್ಪು ಕಡ್ಡಾಯಗೊಳಿಸಿದೆ ನಿಜ. ಆದರೂ ಹದಿನೈದು ವರ್ಷಗಳ ಮೇಲೆ, 2025ರ ಜೂನ್ 9ರಂದು, ಸರ್ವೋಚ್ಚ ನ್ಯಾಯಾಲಯ ಬಿಹಾರದ ಪ್ರಕರಣವೊಂದರಲ್ಲಿ ಇದೇ ಮಾತನ್ನು ಪುನಃ ಹೇಳಬೇಕಾಗಿ ಬಂದಿತು. ಜಾಮೀನು ಅರ್ಜಿಯ ವಿಚಾರಣೆಯ ಹಂತದಲ್ಲಿ ಆರೋಪಿಗಳೆಲ್ಲರನ್ನೂ ಮಂಪರು ಪರೀಕ್ಷೆಗೆ ಒಳಪಡಿಸುವ ತನಿಖಾಧಿಕಾರಿಯ ಪ್ರಸ್ತಾವವನ್ನು ಪಾಟ್ನಾ ಉಚ್ಚ ನ್ಯಾಯಾಲಯ ಒಪ್ಪಿಕೊಂಡಿತ್ತು. ಆರೋಪಿ ತಾನಾಗಿ ಬಯಸಿದರೂ ಅದು ಅವನ ನಿರುಪಾಧಿಕ ಹಕ್ಕಲ್ಲವೆಂದೂ ಈ ತೀರ್ಪು ಸೇರಿಸಿದೆ.

ಹಾಗಾದರೆ ಮನಶ್ಶಾಸ್ತ್ರಜ್ಞನಿಗೆ ನ್ಯಾಯಾಲಯದಲ್ಲಿ ಜಾಗವೇ ಇಲ್ಲವೆ? ಇದೆ, ಅದು ಪ್ರಥಮಪುರುಷದ ಜಾಗ. ‘ನಾನು’ ಎಂದು ಆರೋಪಿಯ ಪರವಾಗಿ ನುಡಿಯದೆ, ‘ಅವನು’ ಎಂದು ತನ್ನ ಹೊಣೆಯಲ್ಲಿ ನುಡಿಯುವ ಜಾಗ. ‘ಅವನು’ ಎನ್ನುವ ನಿರೂಪಕನನ್ನು ಕಟಕಟೆಗೆ ಕರೆದು ಪಾಟೀಸವಾಲಿಗೆ ಒಳಪಡಿಸಬಹುದು; ನೀನು ಎಷ್ಟು ದಿನ ಮಾತಾಡಿಸಿದೆ, ಯಾವ ಭಾಷೆಯಲ್ಲಿ, ಯಾರ ಎದುರಿನಲ್ಲಿ ಎಂದು ಕೇಳಬಹುದು. ಯಂತ್ರದ ‘ನಾನು’ವನ್ನು ಹಾಗೆ ಕೇಳಲಾಗದು. ತಜ್ಞನ ಅಭಿಪ್ರಾಯ ನ್ಯಾಯಾಲಯವನ್ನು ಕಟ್ಟಿಹಾಕದೆಂಬ ಹಳೆಯ ನಿಯಮದ ಹಿಂದೆ ಇದೇ ವಿವೇಕವಿದೆ.

ಜನ್ನನ ಯಶೋಧರ ಚರಿತೆ (1209) ಇಲ್ಲಿ ನಮ್ಮ ನೆರವಿಗೆ ಬರುತ್ತದೆ. ಹಿಟ್ಟಿನ ಹುಂಜವನ್ನು ಬಲಿಕೊಟ್ಟ ಯಶೋಧರನೂ ಅವನ ತಾಯಿಯೂ ಜನ್ಮಜನ್ಮಾಂತರ ತೊಳಲುವ ಕತೆಯಲ್ಲಿ ಸಂಕಲ್ಪವೇ ಹಿಂಸೆ, ಸಂಕಲ್ಪಕ್ಕೇ ಶಿಕ್ಷೆ. ಧರ್ಮಶ್ರದ್ಧೆಯ ಕಾವ್ಯಕ್ಕೆ ಅದು ಸಲ್ಲುತ್ತದೆ. ಮಿದುಳಿನಲ್ಲಿ ಸಂಕಲ್ಪವನ್ನು ಹುಡುಕಹೊರಟ ಪ್ರಯೋಗಾಲಯಕ್ಕೆ ಸಲ್ಲದು. ಜನ್ನನಿಗಿದ್ದ ಸರ್ವಜ್ಞತ್ವ ತನಿಖಾಧಿಕಾರಿಗೆ ಇಲ್ಲ. ಆದರೆ ಕಾವ್ಯದ ಚೌಕಟ್ಟನ್ನು ನೋಡಿ. ಚಂಡಮಾರಿಯ ಗುಡಿಯಲ್ಲಿ ಬಲಿಗೆಂದು ತಂದ ಅಭಯರುಚಿ ತನ್ನ ಭವಾವಳಿಯನ್ನು ತಾನೇ ಹೇಳುತ್ತಾನೆ, ಮಾರಿದತ್ತ ಕೇಳುತ್ತಾನೆ, ಎತ್ತಿದ ಕೈ ಇಳಿಯುತ್ತದೆ. ವಧಾಸ್ಥಾನದಲ್ಲಿ ಒಂದು ಜೀವನದ ಕತೆಗೆ ಕಿವಿಗೊಡುವ ಈ ವ್ಯವಧಾನ ನಮ್ಮ ನ್ಯಾಯಪದ್ಧತಿಗೆ ವಿಧಿವತ್ತಾಗಿ ಬಂದುದು ತೀರ ಇತ್ತೀಚೆಗೆ. 1980ರ ಬಚನ್ ಸಿಂಗ್ ತೀರ್ಪು ಮರಣದಂಡನೆಯನ್ನು ಅತ್ಯಪರೂಪದ ಪ್ರಕರಣಗಳಿಗೆ ಸೀಮಿತಗೊಳಿಸಿ, ಅಪರಾಧಿ ಸುಧಾರಿಸಬಲ್ಲನೆ ಎಂಬುದನ್ನೂ ನೋಡಬೇಕೆಂದಿತ್ತು. ಹೇಗೆ ನೋಡಬೇಕೆಂಬುದು ನಲವತ್ತು ವರ್ಷ ಅಸ್ಪಷ್ಟವಾಗಿಯೇ ಉಳಿಯಿತು. 2022ರ ಮೇ 20ರ ಮನೋಜ್ ತೀರ್ಪಿನಲ್ಲಿ, ಮರಣದಂಡನೆ ವಿಧಿಸಬಹುದಾದ ಪ್ರಕರಣಗಳಲ್ಲಿ ಆರೋಪಿಯ ಮನೋವೈದ್ಯಕೀಯ ಹಾಗೂ ಮನಶ್ಶಾಸ್ತ್ರೀಯ ಪರಿಶೀಲನೆಯ ವರದಿಯನ್ನು ರಾಜ್ಯ ಮೊದಲೇ ಸಂಗ್ರಹಿಸಿ ಮುಂದಿಡಬೇಕೆಂದೂ, ಬಾಲ್ಯ, ಕುಟುಂಬ, ವಿದ್ಯಾಭ್ಯಾಸ, ಕಾರಾಗೃಹದ ನಡತೆ ಇವೆಲ್ಲ ನ್ಯಾಯಾಧೀಶರ ಕಣ್ಣೆದುರಿಗೆ ಬರಬೇಕೆಂದೂ ಸರ್ವೋಚ್ಚ ನ್ಯಾಯಾಲಯ ಸೂಚಿಸಿತು. ಬಾಲನ್ಯಾಯದಲ್ಲಿಯೂ ಹಾಗೆಯೇ: 16ರಿಂದ 18 ವರ್ಷದೊಳಗಿನವರನ್ನು ವಯಸ್ಕರಂತೆ ವಿಚಾರಿಸಬೇಕೆ ಎಂಬ ನಿರ್ಣಯಕ್ಕೆ ಮುನ್ನ, ಮಂಡಲಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಬಲ್ಲ ವೃತ್ತಿನಿರತರು ಇಲ್ಲದಿದ್ದರೆ, ತಜ್ಞರ ನೆರವು ಕಡ್ಡಾಯವೆಂದು ಅದೇ ವರ್ಷದ ಜುಲೈ 13ರಂದು ತೀರ್ಪಾಯಿತು.

ಇಷ್ಟು ಹೇಳಿದ ಮೇಲೆ ಹೊರನಾಡಿನಲ್ಲಿರುವ ಕನ್ನಡ ಸಂಶೋಧಕರಿಗೆ ನೇರವಾಗಿ ಸಂಬಂಧಿಸಿದ ವಿಷಯಕ್ಕೆ ಬರುತ್ತೇವೆ. ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಕಟ್ಟಡದ ಕೂಲಿಗೆಂದು ಬಂದ ಉತ್ತರ ಕರ್ನಾಟಕದವನೊಬ್ಬ ಕೊಲೆಯ ಆರೋಪ ಹೊತ್ತು ಮನಶ್ಶಾಸ್ತ್ರಜ್ಞನ ಎದುರು ಕುಳಿತನೆನ್ನೋಣ. ‘ಅವತ್ತು ನನ್ನ ತಲಿ ಕೆಟ್ಟಿತ್ರಿ’ ಎನ್ನುತ್ತಾನೆ. ತಲೆ ಕೆಡುವುದೆಂದರೆ ನಮ್ಮಲ್ಲಿ ಬೇಸರ, ಸಿಟ್ಟು, ಗೊಂದಲ, ಸಾಲದ ಚಿಂತೆ, ಕೊನೆಗೆ ಹುಚ್ಚೂ ಹೌದು. ದುಭಾಷಿ ಅದನ್ನು ಹುಚ್ಚೆಂದು ಅನುವಾದಿಸಿದರೆ ವರದಿ ಒಂದು ದಾರಿ ಹಿಡಿಯುತ್ತದೆ. ಸಿಟ್ಟೆಂದರೆ ಇನ್ನೊಂದು ದಾರಿ. ‘ಮೈಮ್ಯಾಲೆ ಬಂದಿತ್ತು’ ಎಂಬುದಂತೂ ಇನ್ನೂ ತೊಡಕಿನದು. ದೇವಿ ಮೈಮೇಲೆ ಬರುವುದು ಒಂದು ಸಮುದಾಯದ ಒಪ್ಪಿತ ಆಚರಣೆ. ವೈದ್ಯಶಾಸ್ತ್ರದ ಪುಸ್ತಕದಲ್ಲಿ ಅದೊಂದು ರೋಗಲಕ್ಷಣವಾಗಿ ಕಾಣಬಹುದು. ಭಾರತೀಯ ದಂಡಸಂಹಿತೆಯ 84ನೆಯ ಪ್ರಕರಣ, 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿರುವ ನ್ಯಾಯ ಸಂಹಿತೆಯ 22ನೆಯ ಪ್ರಕರಣ, ಕೇಳುವುದು ಒಂದೇ: ಚಿತ್ತವಿಕಲತೆಯ ಕಾರಣದಿಂದ ತಾನು ಮಾಡುತ್ತಿರುವುದೇನು, ಅದು ತಪ್ಪೆ ಎಂಬುದನ್ನು ಅರಿಯುವ ಶಕ್ತಿ ಆ ಹೊತ್ತಿನಲ್ಲಿ ಅವನಿಗಿತ್ತೆ? 1843ರ ಇಂಗ್ಲೆಂಡಿನ ಮೆಕ್‌ನಾಟನ್ ಪ್ರಕರಣದಿಂದ ಬಂದ ಈ ಪ್ರಶ್ನೆಗೆ ಉತ್ತರ ಹುಡುಕುವಾಗ ಒಂದು ನುಡಿಗಟ್ಟಿನ ಅರ್ಥದ ಮೇಲೆ ಎಷ್ಟು ಭಾರ ಬೀಳುತ್ತದೆಂಬುದನ್ನು ನಮ್ಮ ಭಾಷಾವಿಭಾಗಗಳು ಈವರೆಗೆ ಯೋಚಿಸಿದಂತಿಲ್ಲ.

ನಾವು ಬೇರೊಂದು ಬಗೆಯ ತಜ್ಞಸಾಕ್ಷ್ಯದಲ್ಲಿ ಮುಳುಗಿದ್ದೆವು ಎಂಬುದು ನಿಜ. ಅಮೃತಮತಿಯನ್ನು ಕಟಕಟೆಯಲ್ಲಿ ನಿಲ್ಲಿಸಿ, ಫ್ರಾಯ್ಡನನ್ನು ಸಾಕ್ಷಿಯಾಗಿ ಕರೆಸಿ, ಮಾವುತನ ದನಿಗೆ ಅವಳು ಏಕೆ ಸೋತಳೆಂಬುದಕ್ಕೆ ಕಾರಣಪತ್ರ ಬರೆದ ವಿಮರ್ಶೆ ನಮ್ಮಲ್ಲಿ ಕಡಿಮೆಯಿಲ್ಲ. ಪುಣ್ಯಕ್ಕೆ ಅಮೃತಮತಿಗೆ ಅದರಿಂದ ಆಗಬೇಕಾದುದೇನೂ ಇರಲಿಲ್ಲ.

ಮನೋವ್ಯಾಪಾರವನ್ನು ಸೂಚಿಸುವ ಕನ್ನಡ ನುಡಿಗಟ್ಟುಗಳನ್ನು ಪ್ರಾದೇಶಿಕ ಪ್ರಭೇದಗಳೊಡನೆ ಸಂಗ್ರಹಿಸಿ ಅರ್ಥವಿವರಣೆ ನೀಡುವ ಒಂದು ಕೋಶ ಹೊರನಾಡಿನ ಪೀಠಗಳಿಂದಲೇ ಆಗಬೇಕಾದ ಕೆಲಸ. ದುಭಾಷಿಗಳ ಅಗತ್ಯ ಬೀಳುವುದು ಇಲ್ಲಿಯೇ. ಅದರೊಡನೆ ಇನ್ನೊಂದು ಕ್ರಮವನ್ನೂ ನಾವು ಸೂಚಿಸುತ್ತೇವೆ. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳಲ್ಲಿ ಶಾಸನದ ಮೂಲಪಾಠವನ್ನು ಬೇರೆಯಾಗಿ, ಅನುವಾದವನ್ನು ಬೇರೆಯಾಗಿ ಅಚ್ಚುಹಾಕಿಸಿದರು. ಅದರಿಂದಾಗಿ ಅವರ ಅನುವಾದ ತಪ್ಪಿದೆಡೆಯಲ್ಲಿ ನೂರು ವರ್ಷಗಳ ಮೇಲೂ ತಿದ್ದಿಕೊಳ್ಳಲು ಸಾಧ್ಯವಾಗಿದೆ. ಮನಶ್ಶಾಸ್ತ್ರಜ್ಞನ ವರದಿಯಲ್ಲಿಯೂ ಆರೋಪಿ ಆಡಿದ ಮಾತು ಅವನ ನುಡಿಯಲ್ಲಿಯೇ, ಅವನ ಉಚ್ಚಾರದಂತೆಯೇ ಮೊದಲು ಬರೆಯಲ್ಪಡಬೇಕು. ಅನುವಾದ ಅದರ ಕೆಳಗೆ, ದುಭಾಷಿಯ ಸಹಿಯೊಡನೆ.